ತಮಟೆಗೆ ಸನ್ಮಾನ, ತಮಟೆಯವನಿಗೆ ಬಸ್ ಚಾರ್ಜು

ಜಾನಪದ ಶಿಬಿರಗಳಿಗೆ ನಮ್ಮ ನಾಡಿನಲ್ಲಿ ಈಗ ಬರವಿಲ್ಲ. ವರ್ಷ ಮುಗಿಯುತ್ತ ಬಂದು ಅನುದಾನ ವಾಪಸು ಹೋಗುವ ಕಾಲ ಹತ್ತಿರವಾದಂತೆ ಶಾಮಿಯಾನಗಳು ಏಳುತ್ತವೆ, ಫಲಕಗಳು ಮೇಲೇರುತ್ತವೆ, ಉದ್ಘಾಟಕರು ಬರುತ್ತಾರೆ. ಅವರು ತಮಟೆಗೆ ಎರಡು ಪೆಟ್ಟು ಹಾಕಿ ಉದ್ಘಾಟನೆ ಮಾಡುತ್ತಾರೆ, ಕ್ಯಾಮೆರಾದವರು ಆ ಎರಡು ಪೆಟ್ಟನ್ನು ಮತ್ತೊಮ್ಮೆ ಹಾಕಿಸುತ್ತಾರೆ. ಆ ತಮಟೆಯನ್ನು ಬೆಳಿಗ್ಗೆಯಿಂದ ಹುಲ್ಲಿನ ಬೆಂಕಿಗೆ ಹಿಡಿದು ಹದಕ್ಕೆ ತಂದವನು ವೇದಿಕೆಯ ಪಕ್ಕದಲ್ಲಿ ನಿಂತು ನೋಡುತ್ತಿರುತ್ತಾನೆ.

ಇಂಥ ಒಂದು ಶಿಬಿರವನ್ನು ನಾವು ಹತ್ತಿರದಿಂದ ಕಂಡೆವು. ಕಲಿಸಲು ಬಂದಿದ್ದ ಹಿರಿಯ ಕಲಾವಿದರೊಬ್ಬರು ಮೂರನೆಯ ದಿನ ಸಂಜೆ ಶಾಲು ಹೊದ್ದು, ಹಣ್ಣಿನ ಬುಟ್ಟಿ ಹಿಡಿದು, ನಮ್ಮನ್ನು ಕೇಳಿದ್ದು ಇಷ್ಟೇ: "ಸ್ವಾಮಿ, ಇದನ್ನ ಕೊಟ್ರೆ ಬಸ್ಸಿನೋನು ಚೀಟಿ ಹರೀತಾನಾ?" ಸಂಭಾವನೆ ಆಮೇಲೆ ಖಾತೆಗೆ ಬರುತ್ತದೆಂದು ಹೇಳಿದ್ದರು. ಶಾಮಿಯಾನದವನಿಗೆ ಮುಂಗಡವಿತ್ತು. ಅಡುಗೆಯವನಿಗೆ ಅಂದೇ ಚುಕ್ತಾ ಆಯಿತು. ಕಲೆಗಾರನಿಗೆ ಮಾತ್ರ 'ಆಮೇಲೆ'.

ಕುಂದಾಣದ ವಿಚಾರವಾಗಿ ಬರೆಯಹೊರಟು ಈ ಕಥೆಯನ್ನೇಕೆ ಎತ್ತಿದಿರೆಂದು ಓದುಗರು ಕೇಳಬಹುದು. 1986ರಲ್ಲಿ ಬೆಂಗಳೂರು ಗ್ರಾಮಾಂತರ ಜಿಲ್ಲೆಯಾದ ಮೇಲೂ ಬಹುಕಾಲ ಬೆಂಗಳೂರು ನಗರದಲ್ಲೇ ಕುಳಿತಿದ್ದ ಜಿಲ್ಲಾ ಕಚೇರಿಗಳು ಈಗ ಕುಂದಾಣ ಹೋಬಳಿಯ ಬೀರಸಂದ್ರಕ್ಕೆ ಬಂದಿವೆ. ಹಿಂದೆ ಒಂದು ಅರ್ಜಿ ಕೊಡಲು ರಾಜಧಾನಿಗೆ ಹೋಗಬೇಕಾಗಿದ್ದ ಹಾಡುಗಾರನಿಗೆ ಈಗ ಅಧಿಕಾರಿ ಕೂಗಳತೆಯಲ್ಲಿದ್ದಾನೆ. ಕೂಗು ಕೇಳಿಸುತ್ತಿದೆಯೆ ಎಂಬುದೇ ಪ್ರಶ್ನೆ.

ಸಂಸ್ಥೆಗಳಿಲ್ಲವೆಂದು ಯಾರೂ ಹೇಳುವಂತಿಲ್ಲ. 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತು ಹುಟ್ಟಿತು. ಎಚ್. ಎಲ್. ನಾಗೇಗೌಡರ ಹಟದಿಂದ ರಾಮನಗರದ ಬಳಿ ಜಾನಪದ ಲೋಕ ಎದ್ದಿತು. ಸರ್ಕಾರದ ಜಾನಪದ ಅಕಾಡೆಮಿ ಇದೆ. 2011ರಲ್ಲಿ ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ ಜಾನಪದಕ್ಕೆಂದೇ ಒಂದು ವಿಶ್ವವಿದ್ಯಾಲಯವೂ ಬಂತು. 2023ರಲ್ಲಿ ಪಕ್ಕದ ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿಯ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ ಪದ್ಮಶ್ರೀ ಸಂದಿತು. ಊರ ಹೊರಗಿನ ವಾದ್ಯವೆಂದು ಶತಮಾನಗಳ ಕಾಲ ದೂರವಿಟ್ಟ ತಮಟೆಯನ್ನು ರಾಷ್ಟ್ರಪತಿ ಭವನದವರೆಗೆ ಕೊಂಡೊಯ್ದ ಆ ಹಿರಿಯರಿಗೆ ನಾವು ಕೈಮುಗಿಯುತ್ತೇವೆ. ಆದರೆ ಒಬ್ಬರ ಎದೆಯ ಮೇಲಿನ ಪದಕವು ಕೇರಿಯ ಉಳಿದವರ ಒಲೆಯನ್ನು ಹೊತ್ತಿಸಲಾರದು.

ತಮಟೆಯ ಚರಿತ್ರೆಯನ್ನು ಶಿಬಿರಗಳಲ್ಲಿ ಹೇಳುವ ರೀತಿಯೇ ನಮಗೆ ಒಪ್ಪಿಗೆಯಾಗದು. "ನಮ್ಮ ಪೂರ್ವಜರ ಅಮೂಲ್ಯ ಕಲೆ" ಎಂದು ಭಾಷಣ ಆರಂಭವಾಗುತ್ತದೆ. ಯಾರ ಪೂರ್ವಜರು? ಯಾರು ಬಾರಿಸಿದರು, ಯಾರು ಬಾರಿಸೆಂದು ಅಪ್ಪಣೆ ಮಾಡಿದರು? ಊರಿನಲ್ಲಿ ಡಂಗೂರ ಸಾರಲು, ಜಾತ್ರೆಯಲ್ಲಿ ದೇವರ ಮುಂದೆ ನಡೆಯಲು, ಗೌಡರ ಮನೆಯ ಸಾವಿಗೆ ರಾತ್ರಿಯಿಡೀ ಬಡಿಯಲು ಕೇರಿಯವನು ಬರಲೇಬೇಕಾಗಿತ್ತು. ಅದು ಬಿಟ್ಟಿ ಚಾಕರಿ. ಬರಲಾರೆ ಎಂದವನಿಗೆ ಊರಿನ ಅಂಗಡಿ, ಬಾವಿ, ಕೂಲಿ ಮೂರೂ ಮುಚ್ಚುತ್ತಿದ್ದವು.

ಚಾಕರಿಗೆ ಪ್ರತಿಯಾಗಿ ತೋಟಿ, ತಳವಾರರಿಗೆ ಇನಾಮು ಜಮೀನಿನ ತುಂಡುಗಳಿದ್ದವು. 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾನೂನು 1963ರಲ್ಲಿ ಜಾರಿಗೆ ಬಂದು ಈ ಹುದ್ದೆಗಳು ಹೋದವು. ಜಮೀನನ್ನು ಹಿಡುವಳಿದಾರನಿಗೇ ಮರುಮಂಜೂರು ಮಾಡಬಹುದೆಂದು ಕಾನೂನು ಹೇಳಿತು, ಒಳ್ಳೆಯದೇ ಆಯಿತು. ಆದರೆ ಪರಿಶಿಷ್ಟರಿಗೆ ಮಂಜೂರಾದ ಜಮೀನನ್ನು ಪರಭಾರೆಯಾಗದಂತೆ ಕಾಯಲು 1978ರಲ್ಲಿ ಬಂದ ಕಾನೂನು, ಆನುವಂಶಿಕ ಹುದ್ದೆಗೆ ಸಂಬಂಧಿಸಿದ ಜಮೀನನ್ನು ತನ್ನ ವ್ಯಾಖ್ಯೆಯಿಂದ ಹೊರಗಿಟ್ಟಿತು! ತಲೆತಲಾಂತರ ಚಾಕರಿ ಮಾಡಿದವನ ತುಂಡು ನೆಲಕ್ಕೆ ಆ ರಕ್ಷಣೆ ಇಲ್ಲ. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಆರಂಭವಾದ ಮೇಲೆ ಈ ಸೀಮೆಯ ನೆಲಕ್ಕೆ ಬಂದ ಬೆಲೆ ಓದುಗರಿಗೆ ತಿಳಿದೇ ಇದೆ. ತಮಟೆ ಉಳಿಯಬೇಕೆಂದು ಹಂಬಲಿಸುವವರು ಮೊದಲು ತಮಟೆಯವನ ಪಹಣಿಯನ್ನು ಓದಲಿ.

ನೆಲವೆಂದಾಗ ಚನ್ನರಾಯಪಟ್ಟಣ ಹೋಬಳಿ ನೆನಪಾಗದೆ ಇರದು. 1,777 ಎಕರೆ ಸ್ವಾಧೀನದ ವಿರುದ್ಧ ಅಲ್ಲಿನ 13 ಹಳ್ಳಿಗಳ ರೈತರು 2022ರಿಂದ ಮೂರು ವರ್ಷಕ್ಕೂ ಮಿಕ್ಕಿ ಕುಳಿತರು. 2025ರ ಜುಲೈ 15ರಂದು ಸರ್ಕಾರ ಹಿಂದೆ ಸರಿಯಿತು. ಇದು ಹಾಡಿಗೂ ಸಂಬಂಧಿಸಿದ ಮಾತೇ. ಹೊಲವಿಲ್ಲದ ಊರಿನಲ್ಲಿ ಕಣವಿಲ್ಲ, ಕಣವಿಲ್ಲದಲ್ಲಿ ಸುಗ್ಗಿಯಿಲ್ಲ, ಸುಗ್ಗಿಯ ಪದವನ್ನು ಬಡಾವಣೆಯ ಕಾವಲುಗಾರನ ಕೊಠಡಿಯ ಮುಂದೆ ಯಾರೂ ಹಾಡುವುದಿಲ್ಲ.

ಜಾತಿಯ ಗಾಯ ಮಾಯವಾಗಿದೆಯೆಂದು ನಂಬುವವರಿಗೆ ಮಾಲೂರು ತಾಲ್ಲೂಕಿನ ಉಳ್ಳೇರಹಳ್ಳಿಯನ್ನು ನೆನಪಿಸಬೇಕಾಗಿದೆ. 2022ರ ಸೆಪ್ಟೆಂಬರಿನಲ್ಲಿ ಅಲ್ಲಿ ದೇವರ ಉತ್ಸವದ ಕೋಲನ್ನು ದಲಿತ ಬಾಲಕನೊಬ್ಬ ಮುಟ್ಟಿದನೆಂದು ಅವನ ಮನೆಯವರಿಗೆ 60,000 ರೂಪಾಯಿ ದಂಡ ಹಾಕಿದರು. ದೇವರಿಗೆ ಕೇರಿಯ ತಮಟೆ ಬೇಕು, ಕೇರಿಯ ಮಗುವಿನ ಕೈ ಬೇಡ. ಇಂಥ ಊರುಗಳಿರುವ ಸೀಮೆಯಲ್ಲಿ "ಯುವಕರು ತಮಟೆ ಬಿಡುತ್ತಿದ್ದಾರೆ, ಕಲೆ ನಶಿಸುತ್ತಿದೆ" ಎಂದು ಕಣ್ಣೀರು ಹಾಕುವ ವಿದ್ವಾಂಸರನ್ನು ಕಂಡರೆ ನಮಗೆ ಕೋಪ ಬರುತ್ತದೆ. ದಲಿತ ಸಂಘರ್ಷ ಸಮಿತಿಯ ಕಾಲದಿಂದ ಎಷ್ಟೋ ಕೇರಿಗಳ ಯುವಕರು ಬಿಟ್ಟಿ ತಮಟೆ ಬಾರಿಸುವುದಿಲ್ಲವೆಂದು ಕೈಯೆತ್ತಿ ಹೇಳಿದ್ದಾರೆ. ಅವರು ಮಾಡಿದ್ದು ಸರಿ. ಆ ಚಳವಳಿಯೇ ಅದೇ ತಮಟೆಯನ್ನು ಬೆಂಕಿಗೆ ಹಿಡಿದು ಹೋರಾಟದ ಹಾಡಿಗೆ ಬಾರಿಸಿತು ಎಂಬುದನ್ನೂ ಮರೆಯಬಾರದು. 1975ರಲ್ಲಿ ಪ್ರಕಟವಾದ ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಪುಸ್ತಕದಂಗಡಿಯಿಂದಷ್ಟೇ ಜನರ ಬಾಯಿಗೆ ಬಂದದ್ದಲ್ಲ. ಅಂದರೆ ಆ ಯುವಕರಿಗೆ ವಾದ್ಯದ ಮೇಲೆ ದ್ವೇಷವಿರಲಿಲ್ಲ. ಅಪ್ಪಣೆಯ ಮೇಲಿತ್ತು.

ಆದುದರಿಂದ ಶಿಬಿರ ನಡೆಯಲಿ, ನಾವು ಬೇಡವೆನ್ನುವುದಿಲ್ಲ. ಕುಂದಾಣದಲ್ಲೇ ನಡೆಯಲಿ. ಆದರೆ ಕೇರಿಯ ಮಕ್ಕಳನ್ನೇ ಮತ್ತೆ ಸಾಲಾಗಿ ನಿಲ್ಲಿಸಿ ತಮಟೆ ಕೊಡುವ ಶಿಬಿರ ಬೇಡ. ಗೌಡರ ಮಗನೂ ಶೆಟ್ಟರ ಮಗಳೂ ಬಂದು ಕೂಡಲಿ, ಕಲಿಸುವಾತ ಕುರ್ಚಿಯ ಮೇಲೆ ಕುಳಿತಿರಲಿ, ಮಕ್ಕಳು ಅವರನ್ನು ಮೇಷ್ಟ್ರೇ ಎಂದು ಕರೆಯಲಿ.

ಮೂರು ದಿನದ ಶಿಬಿರದಲ್ಲಿ ಏನು ಕಲಿಯಲಾದೀತು? ಮಗ್ಗದ ಮುಂದೆ ನಿಂತ ಹುಡುಗನಿಗೆ ಕೈ ಕುದುರಲು ಎಷ್ಟು ತಿಂಗಳು ಬೇಕೆಂದು ದೊಡ್ಡಬಳ್ಳಾಪುರದ ನೇಕಾರ ಬಂಧುಗಳನ್ನು ಕೇಳಿ ನೋಡಿ. ತಮಟೆಯದೂ ಅಷ್ಟೇ. ಒಂದು ಕೈಯಲ್ಲಿ ಗಿಡ್ಡ ಕೋಲು, ಇನ್ನೊಂದರಲ್ಲಿ ಬಿದಿರಿನ ತೆಳುವಾದ ಸೀಳು, ಎರಡಕ್ಕೂ ಬೇರೆ ಬೇರೆ ಕೆಲಸ. ಮದುವೆಯ ಬಡಿತ ಬೇರೆ, ಜಾತ್ರೆಯದು ಬೇರೆ, ಸಾವಿನದು ಬೇರೆ. ಮಳೆಗಾಲದಲ್ಲಿ ಚರ್ಮ ಸಡಿಲವಾಗುತ್ತದೆ, ಮತ್ತೆ ಮತ್ತೆ ಕಾಯಿಸಬೇಕು, ಹೆಚ್ಚು ಕಾಯಿಸಿದರೆ ಸೀಳುತ್ತದೆ. ಈ ಹದ ಪುಸ್ತಕದಲ್ಲಿಲ್ಲ, ಕೈಯಲ್ಲಿದೆ. ಈಗ ಫೈಬರಿನ ತಮಟೆಗಳು ಬಂದಿವೆ, ಅವಕ್ಕೆ ಬೆಂಕಿಯೂ ಬೇಡ, ಮಳೆಯ ಭಯವೂ ಇಲ್ಲ. ಅದನ್ನು ಹಿಡಿದವನನ್ನು ನಾವು ಹಳಿಯುವುದಿಲ್ಲ. ದುಡಿಮೆ ಹಗುರಾಗುವುದು ಯಾರಿಗೆ ಬೇಡ? ಆದರೆ ಚರ್ಮದ ನಾದ ಅದಲ್ಲವೆಂದು ಕೇಳಿದ ಕಿವಿಗೆ ಗೊತ್ತು.

ಹೆಣ್ಣುಮಕ್ಕಳ ಪದಗಳ ಗತಿಯೂ ಇದೇ. ರಾಗಿ ಬೀಸುವ ಕಲ್ಲಿನ ಜೊತೆಗೆ ಬೀಸುವ ಪದವಿತ್ತು. ಹಿಟ್ಟಿನ ಗಿರಣಿ ಬಂತು, ತಾಯಂದಿರ ರಟ್ಟೆಯ ನೋವು ಹೋಯಿತು, ಪದವೂ ಹೋಯಿತು. ಕಲ್ಲು ಮರಳಿ ಬರಲೆಂದು ಬಯಸುವುದು ಗಂಡಸರ ಸೋಮಾರಿ ಕನಸು. ಆದರೆ ಕೈ ಬಿಡುವಾದ ಆ ಹೊತ್ತು ಹೆಣ್ಣುಮಕ್ಕಳಿಗೆ ದಕ್ಕಿತೆ? ಆ ಹೊತ್ತನ್ನು ಗಾರ್ಮೆಂಟ್ಸ್ ಕಾರ್ಖಾನೆಯ ಪಾಳಿ ನುಂಗಿತು. ಯಂತ್ರದ ಸದ್ದಿನಲ್ಲಿ ಪಕ್ಕದವಳ ಮಾತೇ ಕೇಳಿಸದು, ಪದವೆಲ್ಲಿಂದ ಕೇಳಿಸಬೇಕು?

ಇನ್ನು ಕೂಲಿಯ ಮಾತು. ಕಷ್ಟದಲ್ಲಿರುವ ಕಲಾವಿದರಿಗೆ ಸರ್ಕಾರ ಮಾಸಾಶನ ಕೊಡುತ್ತದೆ. 58 ವರ್ಷ ತುಂಬಿರಬೇಕು, ದೀರ್ಘಕಾಲದ ಸೇವೆಗೆ ಪುರಾವೆ ಬೇಕು. ಸಾವಿನ ಮನೆಯ ಮುಂದೆ ಬಾರಿಸಿದವನಿಗೆ ಪ್ರಮಾಣಪತ್ರ ಕೊಡುವವರು ಯಾರು? ಮದುವಣಗಿತ್ತಿಗೆ ಸೋಬಾನೆ ಹಾಡಿದ ಅಜ್ಜಿ ಫೋಟೋ ಎಲ್ಲಿಂದ ತಂದಾಳು? ವೇದಿಕೆ ಹತ್ತಿದವರ ಬಳಿ ಕಡತವಿದೆ, ಊರಿನಲ್ಲೇ ಉಳಿದವರ ಬಳಿ ನೆನಪಿದೆ. ನೆನಪಿಗೆ ಸೀಲು ಬೀಳುವುದಿಲ್ಲ.

1948ರಲ್ಲಿ ಕನಿಷ್ಠ ವೇತನದ ಕಾನೂನು ಬಂತು. 2025ರ ನವೆಂಬರ್ 21ರಿಂದ ಅದರ ಜಾಗದಲ್ಲಿ ವೇತನ ಸಂಹಿತೆ ಇದೆ. ಸಂಹಿತೆಗಳ ಬಗ್ಗೆ ಕಾರ್ಮಿಕರ ಆಕ್ಷೇಪಗಳು ಹಲವಿವೆ, ಅದು ಬೇರೆ ಮಾತು. ಮನೆಮನೆಗೆ ಊಟ ತಲುಪಿಸುವ ಹುಡುಗರಿಗಾಗಿ 2025ರಲ್ಲಿ ನಮ್ಮ ರಾಜ್ಯ ಒಂದು ಕಾನೂನು ತಂದಿತು, ಮಂಡಳಿಗೂ ಕಲ್ಯಾಣ ನಿಧಿಗೂ ಅದರಲ್ಲಿ ಅವಕಾಶವಿದೆ. ಇಂದು ಒಬ್ಬರ ಬಳಿ, ನಾಳೆ ಇನ್ನೊಬ್ಬರ ಬಳಿ ದುಡಿಯುವವನೂ ಕಾರ್ಮಿಕನೇ ಎಂದು ಅಲ್ಲಿ ಒಪ್ಪಿದ ಮೇಲೆ, ಇಂದು ಒಂದು ಊರ ಜಾತ್ರೆ, ನಾಳೆ ಇನ್ನೊಂದೂರ ಮೆರವಣಿಗೆ ಎಂದು ತಿರುಗುವ ತಮಟೆ ತಂಡದವನು ಯಾವ ನ್ಯಾಯದಿಂದ ಹೊರಗುಳಿದಾನು? ಶಿಬಿರದಲ್ಲಿ ಕಲಿಸಿದ ದಿನಕ್ಕೆ ಕುಶಲ ಕಾರ್ಮಿಕನ ದಿನಗೂಲಿಗಿಂತ ಕಡಿಮೆಯಾಗದ ಹಣ, ಅದೂ ಶಿಬಿರ ಮುಗಿದ ದಿನವೇ, ಕೈಯಲ್ಲಿ ಇಡಬೇಕು. ಮಾಸಾಶನಕ್ಕೆ ಪುರಾವೆಯಾಗಿ ಗ್ರಾಮಸಭೆಯ ಠರಾವು ಸಾಕೆಂದು ಆಗಬೇಕು. ಬೀರಸಂದ್ರದ ಕಚೇರಿಯವರಿಗೆ ನಮ್ಮ ಮಾತು ಇವೆರಡೇ.

ಸರ್ಕಾರವನ್ನು ಬಯ್ದು ನಾವು ಕೈತೊಳೆದುಕೊಳ್ಳುವಂತಿಲ್ಲ. ನಮ್ಮ ಪಕ್ಷದ ಮೆರವಣಿಗೆಗಳಲ್ಲೂ ಮುಂದೆ ತಮಟೆಯಿರುತ್ತದೆ. ನಮ್ಮ ಘೋಷಣೆಗೆ ದಣಿವಾದಾಗ ಅದೇ ನಮ್ಮನ್ನು ನಡೆಸುತ್ತದೆ. ಅವರಿಗೆ ನಾವು ಕೊಟ್ಟದ್ದೇನು? ಎಷ್ಟೋ ಸಲ ಚಹಾ, ಬನ್ನು, "ನಮ್ಮವರೇ ಅಲ್ಲವೆ" ಎಂಬ ಮಾತು. ಗೌಡರು ಕೂಡ ಹಾಗೆಯೇ ಹೇಳುತ್ತಿದ್ದರು! ಇದನ್ನು ಬರೆಯುವಾಗ ನಮ್ಮ ಕಚೇರಿಯಲ್ಲಿ ಒಬ್ಬರು ತಲೆ ತಗ್ಗಿಸಿದರು, ನಾವೂ ತಗ್ಗಿಸಿದೆವು.

ಗಣೇಶನ ಉತ್ಸವಕ್ಕೆ, ರಾಜ್ಯೋತ್ಸವಕ್ಕೆ ಚಂದಾ ಎತ್ತುವ ಅಂಗಡಿಯವರೂ, ಆಯುಧಪೂಜೆಗೆ ವಾದ್ಯ ತರಿಸುವ ಗಿರಣಿಯ ಬಂಧುಗಳೂ ಒಂದು ಕೆಲಸ ಮಾಡಬೇಕು. ತಂಡದವರೊಡನೆ ಮಾತಾಡುವಾಗ ದರವನ್ನು ಕಾಗದದ ಮೇಲೆ ಬರೆಯಿರಿ. ಧ್ವನಿವರ್ಧಕದವನಿಗೆ ಕೊಡುವಂತೆ ಇವರಿಗೂ ಮುಂಗಡ ಕೊಡಿ. ರಾತ್ರಿ ಹತ್ತಾದ ಮೇಲೆ ವಾಹನಕ್ಕೆ ಬೇರೆ ಹಣವಿಡಿ, ಊಟಕ್ಕೆ ಉಳಿದವರ ಪಂಕ್ತಿಯಲ್ಲೇ ಎಲೆ ಹಾಕಿ. ಈ ವರ್ಷದಿಂದ ನಮ್ಮ ಪಕ್ಷದ ಲೆಕ್ಕದ ಪುಸ್ತಕದಲ್ಲಿ ತಮಟೆಯ ಬಾಬತ್ತಿಗೆ ಬೇರೆ ಕಲಂ ಇರುತ್ತದೆ. ಪಾವತಿಯಾಗದಿದ್ದರೆ ಬಂದು ಕೇಳುವ ಹಕ್ಕು ತಂಡದವರಿಗೆ ಉಂಟು, ನಮ್ಮ ಕಚೇರಿಯ ಬಾಗಿಲು ಸಂಜೆ ಎಂಟರವರೆಗೆ ತೆರೆದಿರುತ್ತದೆ.