ಪರೀಕ್ಷೆಗೆ ಮುನ್ನ ನಿದ್ದೆ, ನೀರು, ಶೌಚಾಲಯ

ಜನವರಿ ದಾಟಿತೆಂದರೆ ಹೈಸ್ಕೂಲಿನ ದಿನಚರಿಯೇ ಬದಲಾಗುತ್ತದೆ. ಬೆಳಿಗ್ಗೆ ವಿಶೇಷ ತರಗತಿ, ಸಂಜೆ ಇನ್ನೊಂದು, ನಡುವೆ ಪೂರ್ವಸಿದ್ಧತಾ ಪರೀಕ್ಷೆ. ಆಟದ ಪೀರಿಯಡ್ ಗಣಿತಕ್ಕೆ ಹೋಗುತ್ತದೆ. ಮನೆಗೆ ಬಂದರೆ ಟ್ಯೂಶನ್. ಎಸೆಸೆಲ್ಸಿ ಪರೀಕ್ಷೆ ಬರುವಷ್ಟರಲ್ಲಿ ಮಕ್ಕಳೂ ಶಿಕ್ಷಕರೂ ಸುಸ್ತಾಗಿರುತ್ತಾರೆ. ದಣಿದ ದೇಹಕ್ಕೆ ಎಷ್ಟು ಗಂಟೆ ಪಾಠ ತುಂಬಿದರೂ ಅದು ತಲೆಗೆ ಹತ್ತುವುದಿಲ್ಲ.

ಮೊದಲು ನಿದ್ದೆಯ ಮಾತು. 13ರಿಂದ 18 ವರ್ಷದವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು. ಹಗಲು ಓದಿದ್ದು ನೆನಪಿನಲ್ಲಿ ಗಟ್ಟಿಯಾಗುವುದೂ ನಿದ್ದೆಯಲ್ಲೇ. ರಾತ್ರಿ ಹನ್ನೆರಡರವರೆಗೆ ಓದಿಸಿ ಐದು ಗಂಟೆಗೆ ಎಬ್ಬಿಸಿದರೆ ಓದಿದ್ದನ್ನು ನಾವೇ ಅಳಿಸಿದಂತೆ. ಈಗೀಗ ರಮಝಾನ್ ಕೂಡ ಪರೀಕ್ಷೆಯ ಆಸುಪಾಸಿನಲ್ಲೇ ಬರುತ್ತಿದೆ. ತರಾವೀಹ್ ಮುಗಿದ ಕೂಡಲೇ ಮೊಬೈಲ್ ಬದಿಗಿಟ್ಟು ಮಕ್ಕಳು ಮಲಗಲಿ. ಶಾಲೆಯಿಂದ ಬಂದ ಮೇಲೆ ಅರ್ಧ ಗಂಟೆ ಕಣ್ಣು ಮುಚ್ಚಿದರೆ ಅದನ್ನು ಸೋಮಾರಿತನವೆನ್ನಬೇಡಿ. ಇಫ್ತಾರ್‌ನಿಂದ ಸಹರಿಯವರೆಗೆ ಸ್ವಲ್ಪ ಸ್ವಲ್ಪವಾಗಿ ನೀರು ಕುಡಿಯುತ್ತಿರಲಿ.

ಎರಡನೆಯದು ನೀರು. 2019ರಲ್ಲಿ ಕೇರಳದ ಶಾಲೆಗಳ 'ನೀರಿನ ಗಂಟೆ' ಸುದ್ದಿಯಾಯಿತು, ಕರ್ನಾಟಕವೂ ಅದನ್ನು ಅನುಸರಿಸಿತು. ಒಳ್ಳೆಯ ಕ್ರಮವೇ. ಆದರೆ ನಿಮ್ಮ ಮಗಳನ್ನು ಒಮ್ಮೆ ಕೇಳಿ ನೋಡಿ: ಬೆಳಿಗ್ಗೆ ತುಂಬಿಸಿ ಕೊಟ್ಟ ಬಾಟಲಿ ಸಂಜೆ ಹಾಗೆಯೇ ಮರಳಿ ಬರುವುದೇಕೆ? ಶೌಚಾಲಯದಲ್ಲಿ ನೀರಿಲ್ಲ, ಚಿಲಕವಿಲ್ಲ, ಕಾಲಿಡಲಾಗದಷ್ಟು ಕೊಳಕು. ಹಾಗಾಗಿ ನೀರೇ ಕುಡಿಯದೆ, ಮೂತ್ರ ತಡೆದುಕೊಂಡು ಕೂರುವ ಹುಡುಗಿಯರು ಬಹಳ. ತಲೆನೋವು, ಮೂತ್ರದ ಸೋಂಕು ಅದರ ಫಲ. ಶೌಚಾಲಯ ಸ್ವಚ್ಛವಾಗದೆ ಗಂಟೆ ಬಾರಿಸಿ ಪ್ರಯೋಜನವಿಲ್ಲ.

ಮೂರನೆಯದು ರಕ್ತಹೀನತೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ ಶೇ. 59ರಷ್ಟು ಮಂದಿಗೆ ರಕ್ತಹೀನತೆಯಿದೆ. ಪುಸ್ತಕ ಹಿಡಿದೊಡನೆ ತೂಕಡಿಸುವ ಮಗಳನ್ನು ಬೈಯುವ ಮೊದಲು ಆಕೆಯ ಹಿಮೋಗ್ಲೋಬಿನ್ ಪರೀಕ್ಷಿಸಿ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಬಣ್ಣದ ಕಬ್ಬಿಣಾಂಶದ ಮಾತ್ರೆಯನ್ನು ಬಿಸಾಡಲು ಬಿಡಬೇಡಿ. ಊಟದ ನಂತರ ನುಂಗಿದರೆ ವಾಕರಿಕೆ ಕಡಿಮೆ. ಅದರ ಬೆನ್ನಿಗೇ ಚಹಾ ಕುಡಿದರೆ ಮಾತ್ರೆಯ ಕಬ್ಬಿಣಾಂಶ ದೇಹಕ್ಕೆ ಸರಿಯಾಗಿ ಸೇರುವುದಿಲ್ಲ.

ಇನ್ನು ಶಿಕ್ಷಕರು. ಗಂಟಲು ಅವರ ಉಪಕರಣ. ದಿನವಿಡೀ ನಿಂತು, ಗದ್ದಲದ ಮೇಲೆ ಕೂಗಿ ಪಾಠ ಮಾಡಿದವರಿಗೆ ಸಂಜೆ ಮತ್ತೆ ವಿಶೇಷ ತರಗತಿ. ರಾತ್ರಿ ಹತ್ತಕ್ಕೆ ನಮ್ಮ ವಾಟ್ಸ್‌ಆ್ಯಪ್ ಪ್ರಶ್ನೆಗಳು ಬೇರೆ. ಅವರಿಗೂ ಮನೆಯಿದೆ, ಮಕ್ಕಳಿದ್ದಾರೆ. ದೊಡ್ಡ ತರಗತಿಗೊಂದು ಸಣ್ಣ ಮೈಕ್ ಕೊಡಿಸುವುದು ಊರಿನವರು ಸೇರಿದರೆ ಕಷ್ಟದ ಕೆಲಸವೇನಲ್ಲ.

ಮುಂದಿನ ಎಸ್‌ಡಿಎಂಸಿ ಸಭೆಗೆ ತಪ್ಪದೆ ಹೋಗಿ. ಅಂಕಗಳ ವಿಚಾರ ಹೇಗೂ ಬರುತ್ತದೆ. ಶೌಚಾಲಯಕ್ಕೆ ನೀರು ಬರುತ್ತಿದೆಯೇ, ಅದನ್ನು ತೊಳೆಯುವವರು ಯಾರು, ಆಟದ ಪೀರಿಯಡ್ ಉಳಿದಿದೆಯೇ ಎಂದು ಕೇಳಬೇಕಾದವರು ನೀವು. ತಾಯಂದಿರೂ ಹೋಗಿ, ಈ ಪ್ರಶ್ನೆ ಕೇಳಲು ನಿಮಗಿಂತ ಯೋಗ್ಯರಿಲ್ಲ.