ಮೈದಾನದ ಬಯ್ಗುಳ ಮತ್ತು ಮಗುವಿನ ಮಾನ

ಮಳೆ ಒಂದಿಷ್ಟು ಬಿಡುವು ಕೊಟ್ಟಿತೆಂದರೆ ನಮ್ಮ ಶಾಲೆಗಳಲ್ಲಿ ಪಂದ್ಯಾಟಗಳ ತಯಾರಿ ಆರಂಭವಾಗುತ್ತದೆ. ತಾಲೂಕು ಮಟ್ಟ, ಜಿಲ್ಲಾ ಮಟ್ಟ ಎಂದು ಮೆಟ್ಟಿಲು ಮೆಟ್ಟಿಲಾಗಿ ಏರುವ ಸ್ಪರ್ಧೆಗಳಿಗಾಗಿ ಮಕ್ಕಳು ಬೆಳಗಿನ ಜಾವವೇ ಎದ್ದು ಮೈದಾನಕ್ಕೆ ಓಡುತ್ತಾರೆ. ಟಿ.ವಿ. ಮತ್ತು ಮೊಬೈಲುಗಳ ಮುಂದೆ ಕೂತು ಬೆಳೆಯುವ ಪೀಳಿಗೆಯ ಬಗ್ಗೆ ಕೊರಗುವ ನಮಗೆಲ್ಲ ಇದು ಸಂತೋಷದ ಸಂಗತಿಯೇ ಸರಿ.

ಮೊನ್ನೆ ಒಂದು ಸಂಜೆ ಇಗರ್ಜಿಯ ಅಂಗಳದಲ್ಲಿ ಜಪಸರ ಹಿಡಿದು ಅಡ್ಡಾಡುತ್ತಿದ್ದಾಗ ಆವರಣದ ಗೋಡೆಯ ಆಚೆಯ ಬಯಲಿನಿಂದ ಒಂದು ಧ್ವನಿ ಕಿವಿಗೆ ಬಿತ್ತು. "ನೀನು ತಿನ್ನುವುದು ಅನ್ನವೋ ಹುಲ್ಲೋ? ನಿನ್ನಂಥ ದಂಡಪಿಂಡವನ್ನು ತಂಡಕ್ಕೆ ಸೇರಿಸಿಕೊಂಡದ್ದು ನನ್ನ ತಪ್ಪು!" ಅದರ ಬೆನ್ನಿಗೇ ಹತ್ತಾರು ಮಕ್ಕಳ ನಗು. ಮಾತು ಯಾರ ಮೇಲೆ ಬಿತ್ತೋ ಆ ಮಗುವಿನ ಧ್ವನಿ ಮಾತ್ರ ಕೇಳಿಸಲಿಲ್ಲ. ನಾವು ಗೋಡೆಯ ಈಚೆ ನಿಂತೇ ಬಿಟ್ಟೆವು. ಆ ತರಬೇತುದಾರನ ಮಾತಿನಲ್ಲಿ ನಮಗೆ ನಮ್ಮದೇ ಹಳೆಯ ಧ್ವನಿ ಕೇಳಿಸಿತ್ತು.

ಇಪ್ಪತ್ತೈದು ವರ್ಷಗಳಿಗೂ ಹಿಂದಿನ ಮಾತು. ಗುರುದೀಕ್ಷೆ ಪಡೆದು ಸಹಾಯಕ ಗುರುಗಳಾಗಿ ಒಂದು ಧರ್ಮಕೇಂದ್ರಕ್ಕೆ ಬಂದಿದ್ದೆವು. ಅಲ್ಲಿನ ವಿದ್ಯಾರ್ಥಿನಿಲಯದ ಹುಡುಗರ ಫುಟ್‌ಬಾಲ್ ತಂಡದ ಹೊಣೆ ನಮ್ಮ ಮೇಲಿತ್ತು. ಒಂದು ಅಂತಿಮ ಪಂದ್ಯದಲ್ಲಿ ಗೋಲು ಕಾಯುತ್ತಿದ್ದ ಹದಿಮೂರು ವರ್ಷದ ಹುಡುಗನ ಕಾಲುಗಳ ನಡುವಿನಿಂದ ಚೆಂಡು ನುಸುಳಿ ಬಲೆ ಸೇರಿತು. ಪಂದ್ಯ ಮುಗಿದ ಮೇಲೆ ಇಡೀ ತಂಡದ ಎದುರು, "ಇವನ ಬದಲು ಅಲ್ಲೊಂದು ಬಾಳೆದಿಂಡು ನೆಟ್ಟಿದ್ದರೂ ಗೋಲು ಉಳಿಯುತ್ತಿತ್ತು" ಎಂದೆವು. ಹುಡುಗರು ನಕ್ಕರು. ನಾವೂ ನಕ್ಕ ನೆನಪು. ಮರುದಿನದಿಂದ ಅವನ ಹೆಸರು 'ದಿಂಡು' ಎಂದಾಯಿತು. ಮುಂದಿನ ವರ್ಷ ಅವನು ತಂಡಕ್ಕೆ ಬರಲಿಲ್ಲ. ಕಾರಣವೇನೆಂದು ನಾವು ಕೇಳಲೂ ಇಲ್ಲ.

ಕೆಲವು ವರ್ಷಗಳ ಹಿಂದೆ ಬೇರೊಂದು ಧರ್ಮಕೇಂದ್ರದಲ್ಲಿ ಮನೆಗಳ ವಾರ್ಷಿಕ ಆಶೀರ್ವಾದಕ್ಕೆ ಹೋಗಿದ್ದಾಗ, ಗಲ್ಫಿನಿಂದ ರಜೆಯಲ್ಲಿ ಬಂದಿದ್ದ ಒಬ್ಬ ಗೃಹಸ್ಥರು ಬಾಗಿಲಲ್ಲಿ ಎದುರಾದರು. "ಫಾದರ್, ಗುರುತು ಸಿಗಲಿಲ್ಲವೇ? ನಾನು, ದಿಂಡು" ಎಂದು ನಕ್ಕರು. ಆ ಪಂದ್ಯದಲ್ಲಿ ಎದುರಾಳಿ ಯಾರು, ಎಷ್ಟು ಗೋಲುಗಳಿಂದ ಸೋತೆವು ಎಂಬುದು ನಮಗಾಗಲಿ ಅವರಿಗಾಗಲಿ ನೆನಪಿರಲಿಲ್ಲ. ಉಳಿದದ್ದು ಆ ಒಂದು ಮಾತು ಮಾತ್ರ.

ಕೈ ಮಾಡದೆ ಮಾಡುವ ಗಾಯ

ಮಕ್ಕಳ ಮೇಲೆ ಕೈ ಮಾಡುವುದು ತಪ್ಪೆಂದು ಇಂದು ಬಹುತೇಕ ಎಲ್ಲರೂ ಒಪ್ಪುತ್ತಾರೆ. ಮಾತಿನ ವಿಷಯಕ್ಕೆ ಬಂದಾಗ ಮಾತ್ರ ನಾವು ಉದಾರಿಗಳಾಗುತ್ತೇವೆ. 'ಒಂದು ಮಾತು ಅಂದರೇನಾಯಿತು, ಮೈಯೇನು ಸವೆಯಿತೇ?' ಎಂದು ತಳ್ಳಿಹಾಕುತ್ತೇವೆ. ಇದು ನಮ್ಮ ನಾಡಿನವರ ಅಭ್ಯಾಸ ಮಾತ್ರವಲ್ಲ. ಕ್ರೀಡೆಯಲ್ಲಿ ಬಹಳ ಮುಂದುವರಿದ ದೇಶಗಳೂ ಇದೇ ತಪ್ಪನ್ನು ಮಾಡಿ ಈಗ ಲೆಕ್ಕ ಒಪ್ಪಿಸುತ್ತಿವೆ.

ಬ್ರಿಟನ್ನಿನ ಜಿಮ್ನಾಸ್ಟಿಕ್ಸ್ ಕ್ಷೇತ್ರದ ಕಥೆಯನ್ನು ನೋಡೋಣ. 2020ರಲ್ಲಿ ಅಲ್ಲಿನ ಅನೇಕ ಕ್ರೀಡಾಪಟುಗಳು ತಾವು ಬಾಲ್ಯದಲ್ಲಿ ಅನುಭವಿಸಿದ್ದನ್ನು ಬಹಿರಂಗವಾಗಿ ಹೇಳತೊಡಗಿದಾಗ, ಆನ್ ವೈಟ್ ಎಂಬ ಹಿರಿಯ ನ್ಯಾಯವಾದಿಯವರಿಗೆ ಸ್ವತಂತ್ರ ವಿಚಾರಣೆಯ ಹೊಣೆ ವಹಿಸಲಾಯಿತು. 2022ರ ಜೂನ್ ತಿಂಗಳಲ್ಲಿ ಅವರ ವರದಿ ಪ್ರಕಟವಾಯಿತು. ನಾನೂರಕ್ಕೂ ಹೆಚ್ಚು ಮಂದಿ ತಮ್ಮ ಅನುಭವಗಳನ್ನು ಬರೆದು ಕಳುಹಿಸಿದ್ದರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಹೇಳಿಕೊಂಡದ್ದು ಮಾನಸಿಕ ಹಿಂಸೆಯ ವಿಚಾರ. ಕಿರಿಚಾಟ, ಎಲ್ಲರೆದುರು ಹೀಯಾಳಿಕೆ, ದೇಹದ ತೂಕವನ್ನು ಕುರಿತ ಕುಹಕ, ಶೌಚಕ್ಕೆ ಹೋಗಲು ಅಥವಾ ನೀರು ಕುಡಿಯಲು ಬಿಡದಿರುವುದು, ನೋವೆಂದರೆ ನಾಟಕವೆಂದು ಜರೆಯುವುದು, ತಿಂಡಿ ಬಚ್ಚಿಟ್ಟಿದ್ದಾರೆಯೇ ಎಂದು ಮಕ್ಕಳ ಚೀಲಗಳನ್ನು ತಡಕುವುದು. ಈ ಕ್ರೀಡೆಯಲ್ಲಿ ತೊಡಗಿರುವವರಲ್ಲಿ ಹೆಚ್ಚಿನವರು ಹನ್ನೆರಡು ತುಂಬದ ಹೆಣ್ಣುಮಕ್ಕಳು ಎಂಬುದನ್ನು ಓದುಗರು ಗಮನಿಸಬೇಕು. ಇದು ಎಲ್ಲೋ ಒಬ್ಬಿಬ್ಬರ ದುರ್ಗುಣವಲ್ಲ, ಇಡೀ ವ್ಯವಸ್ಥೆಯಲ್ಲೇ ಬೇರೂರಿದ ರೋಗ ಎಂದು ವರದಿ ಕಂಡುಕೊಂಡಿತು. ಹದಿನೇಳು ಶಿಫಾರಸುಗಳನ್ನು ಮುಂದಿಟ್ಟಿತು. ಆ ಬಳಿಕ 2023ರಲ್ಲಿ ತರಬೇತುದಾರರು ಮಕ್ಕಳ ತೂಕ ನೋಡುವುದನ್ನೇ ಅಲ್ಲಿನ ಜಿಮ್ನಾಸ್ಟಿಕ್ಸ್ ಸಂಸ್ಥೆ ನಿಷೇಧಿಸಿತು.

ಅಮೆರಿಕದಲ್ಲಿ ಲಾರಿ ಹೆರ್ನಾಂಡೆಸ್ ಎಂಬ ಬಾಲೆ 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ತನ್ನ ತಂಡದೊಂದಿಗೆ ಚಿನ್ನವನ್ನೂ ವೈಯಕ್ತಿಕವಾಗಿ ಬೆಳ್ಳಿಯನ್ನೂ ಗೆದ್ದಳು. ಅವಳ ನಗುಮುಖವನ್ನು ಜಗತ್ತು ಮೆಚ್ಚಿಕೊಂಡಿತು. ಆ ನಗುವಿನ ಹಿಂದೆ, ಎಳೆಯ ವಯಸ್ಸಿನಿಂದ ತನಗೆ ಕಲಿಸಿದ ತರಬೇತುದಾರ್ತಿಯ ಮಾತಿನ ಹಿಂಸೆಯಿತ್ತೆಂದು ಅವಳು ಮುಂದೆ ತಿಳಿಸಿದಳು. ವಿಷಯ ಅರಿತ ತಾಯಿ 2016ರಲ್ಲೇ ದೂರು ನೀಡಿದ್ದರು. ಆ ದೇಶದ ಜಿಮ್ನಾಸ್ಟಿಕ್ಸ್ ಸಂಸ್ಥೆ ತರಬೇತುದಾರ್ತಿಯನ್ನು ಎಂಟು ವರ್ಷ ಅಮಾನತು ಮಾಡಿದ್ದು 2020ರ ಏಪ್ರಿಲಿನಲ್ಲಿ. ಮೇಲ್ಮನವಿಯಲ್ಲಿ ಅದು ಐದು ವರ್ಷಕ್ಕಿಳಿಯಿತು. ಹೊಡೆತದ ಗುರುತು ಮೈಮೇಲೆ ಇಲ್ಲದಿರುವಾಗ ದೂರಿಗೆ ಉತ್ತರ ಸಿಗಲು ಎಷ್ಟು ಕಾಲ ಬೇಕಾಗುತ್ತದೆ ಎಂಬುದಕ್ಕೆ ಈ ನಾಲ್ಕು ವರ್ಷಗಳೇ ಸಾಕ್ಷಿ.

ಅಪಮಾನವೆಂಬ ದರೋಡೆ

ಗುರುಮಠದಲ್ಲಿ ತತ್ವಶಾಸ್ತ್ರ ಓದುತ್ತಿದ್ದ ದಿನಗಳಲ್ಲಿ ಸಂತ ತೋಮಾಸ್ ಅಕ್ವಿನಾಸರ ಒಂದು ವಿಂಗಡಣೆಯನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದೆವು. ಅದರ ಅರ್ಥ ಹೊಳೆದದ್ದು ಆ ಗೃಹಸ್ಥರ ಮನೆಯ ಬಾಗಿಲಲ್ಲಿ. ಅಕ್ವಿನಾಸರು ಅಪಮಾನದ ಮಾತನ್ನು ಬರಿಯ ಕೋಪದ ದೋಷವೆಂದು ಎಣಿಸುವುದಿಲ್ಲ. ಕೊಲೆ, ಕಳವುಗಳನ್ನು ಚರ್ಚಿಸುವ ಅನ್ಯಾಯದ ಪ್ರಕರಣದಲ್ಲೇ ಅದಕ್ಕೂ ಸ್ಥಾನ ಕೊಡುತ್ತಾರೆ. ಬೆನ್ನ ಹಿಂದೆ ಚಾಡಿ ಹೇಳುವುದು ಕಳವಿನಂತೆ, ಎದುರಿಗೇ ಅಪಮಾನಿಸುವುದು ದರೋಡೆಯಂತೆ ಎಂಬುದು ಅವರ ವಿಚಾರದ ಸಾರ. ಮನುಷ್ಯನ ಮಾನವೂ ಅವನ ಸೊತ್ತು. ಅದನ್ನು ಕಸಿಯುವವನು ದರೋಡೆಕೋರ.

ದೊಡ್ಡವರು ತಮ್ಮ ಮಾನವನ್ನು ತಾವೇ ಕಾಯ್ದುಕೊಂಡಾರು. ಎದುರು ಮಾತನಾಡಬಲ್ಲರು, ಎದ್ದು ಹೋಗಬಲ್ಲರು. ಹತ್ತು ಹನ್ನೆರಡು ವರ್ಷದ ಮಗುವಿಗೆ ತಾನು ಯಾರೆಂಬುದು ಗೊತ್ತಾಗುವುದೇ ದೊಡ್ಡವರ ಬಾಯಿಂದ. ತಾನು ಮೆಚ್ಚಿಕೊಂಡ ತರಬೇತುದಾರ 'ನೀನು ಯಾತಕ್ಕೂ ಬಾರದವನು' ಎಂದರೆ ಮಗು ಅದನ್ನು ಬಯ್ಗುಳವೆಂದು ತಿಳಿಯದು, ಸತ್ಯವೆಂದೇ ತಿಳಿಯುತ್ತದೆ. ಪವಿತ್ರ ಸಭೆಯೂ ಈ ವಿಷಯದಲ್ಲಿ ಸುಮ್ಮನಿಲ್ಲ. ಕ್ರೀಡೆಯನ್ನು ಕುರಿತು 2018ರ ಜೂನ್‌ನಲ್ಲಿ ವತಿಕಾನ್ ಹೊರತಂದ ದಾಖಲೆ, ತರಬೇತುದಾರರಿಂದ ಮಕ್ಕಳಿಗಾಗುವ ದೈಹಿಕ ಹಾಗೂ ಲೈಂಗಿಕ ದೌರ್ಜನ್ಯದ ಸಾಲಿನಲ್ಲೇ ಮಾನಸಿಕ ದೌರ್ಜನ್ಯವನ್ನೂ ಇರಿಸಿ, ದೇವರ ಪ್ರತಿರೂಪದಲ್ಲಿ ಸೃಷ್ಟಿಯಾದ ಮಗುವಿಗೆ ಎಸಗುವ ಅವಮಾನ ಅದು ಎಂದು ಪರಿಗಣಿಸಿದೆ.

"ನಮಗೂ ಹೀಗೆಯೇ ಕಲಿಸಿದ್ದು"

ಮರುದಿನ ನಾವು ಗೋಡೆಯಾಚೆಯ ತರಬೇತುದಾರನನ್ನು ಕಂಡು ಮಾತನಾಡಿದೆವು. ಸಜ್ಜನ ಯುವಕ. ಮಳೆಯಲ್ಲಿ ತಾನೂ ನೆನೆದು, ತನ್ನ ಕೈಯಿಂದಲೇ ಹಣ ಹಾಕಿ ಮಕ್ಕಳಿಗೆ ಬಾಳೆಹಣ್ಣು ತಂದುಕೊಡುವವನು. "ನಮಗೂ ಹೀಗೆಯೇ ಕಲಿಸಿದ್ದು ಫಾದರ್. ಸಿಹಿ ಮಾತಿನಿಂದ ಕಪ್ ಬರುವುದಿಲ್ಲ. ಕಪ್ ಬಾರದಿದ್ದರೆ ಮುಂದಿನ ವರ್ಷ ನನಗೆ ಕೆಲಸವೂ ಇಲ್ಲ" ಎಂದ. ಈ ಮಾತಿನಲ್ಲಿ ಹುರುಳಿಲ್ಲವೆಂದು ನಾವು ಹೇಳಲಾರೆವು. ಆಡಳಿತ ಮಂಡಳಿಗೆ ಕಚೇರಿಯ ಕಪಾಟಿನಲ್ಲಿ ಇಡಲು ಕಪ್ ಬೇಕು, ತಾಯಿತಂದೆಯರಿಗೆ ಗೋಡೆಗೆ ತೂಗುಹಾಕಲು ಪದಕ ಬೇಕು. ನಡುವೆ ನಿಂತವನ ಮೇಲೆ ಬೀಳುವ ಭಾರ ಕೊನೆಗೆ ಇಳಿಯುವುದು ಎಲ್ಲರಿಗಿಂತ ಚಿಕ್ಕವನ ತಲೆಯ ಮೇಲೆ.

ಆದರೂ ಒಂದು ವ್ಯತ್ಯಾಸವನ್ನು ನಾವು ಮರೆಯಬಾರದು. ಕಟ್ಟುನಿಟ್ಟು ಬೇರೆ, ತಿರಸ್ಕಾರ ಬೇರೆ. 'ನೀನು ಮೊಣಕಾಲು ಬಾಗಿಸಲಿಲ್ಲ, ಅದಕ್ಕೇ ಚೆಂಡು ಜಾರಿತು. ಇನ್ನೂ ಇಪ್ಪತ್ತು ಸಲ ಮಾಡು' ಎನ್ನುವುದು ಕಟ್ಟುನಿಟ್ಟು. ಅದು ಮಗುವಿನ ತಪ್ಪನ್ನು ತೋರಿಸುತ್ತದೆ, ತಿದ್ದುವ ದಾರಿಯನ್ನೂ ತೋರಿಸುತ್ತದೆ. 'ನೀನೊಂದು ಬಾಳೆದಿಂಡು' ಎನ್ನುವುದು ತಿರಸ್ಕಾರ. ಅದರಲ್ಲಿ ತಿದ್ದಿಕೊಳ್ಳಲು ಏನಿದೆ? ಮೊಣಕಾಲನ್ನು ಬಾಗಿಸಲು ಕಲಿಯಬಹುದು, ಬಾಳೆದಿಂಡು ಬೇರೇನೂ ಆಗಲಾರದು. ತಿದ್ದುವವರು ಒಮ್ಮೊಮ್ಮೆ ಬಿರುಸಾಗಿ ಮಾತನಾಡಬೇಕಾದೀತೆಂದು ಅಕ್ವಿನಾಸರೂ ಒಪ್ಪುತ್ತಾರೆ. ಆದರೆ ಆ ಬಿರುಸು ವಿವೇಕದ ಅಳತೆ ಮೀರಿದರೆ ಮಾನವನ್ನೇ ಕಸಿಯುವುದೆಂಬ ಎಚ್ಚರಿಕೆಯನ್ನೂ ಜೊತೆಗೇ ಕೊಡುತ್ತಾರೆ.

'ಬಯ್ಗುಳ ತಿಂದವರೇ ಅಲ್ಲವೇ ಪದಕ ಗೆದ್ದದ್ದು?' ಎಂದು ಕೇಳುವವರಿದ್ದಾರೆ. ಗೆದ್ದವರ ಹೆಸರು ಪತ್ರಿಕೆಯಲ್ಲಿ ಬರುತ್ತದೆ. ಬಯ್ಗುಳ ತಿಂದು ಮೈದಾನವನ್ನೇ ಬಿಟ್ಟುಹೋದ ಮಕ್ಕಳ ಪಟ್ಟಿಯನ್ನು ಯಾರೂ ಅಚ್ಚು ಹಾಕುವುದಿಲ್ಲ. ಅವರು ಹೋದದ್ದು ನಮಗೆ ಗೊತ್ತೇ ಆಗುವುದಿಲ್ಲ. ನಮ್ಮ ಗೋಲುರಕ್ಷಕ ಹೋದದ್ದು ನಮಗೆ ಗೊತ್ತಾಗಲಿಲ್ಲವಲ್ಲ!

ತಾಯಿತಂದೆಯರಿಗೆ ಒಂದು ಮಾತು

ಈ ಪಾಪದಲ್ಲಿ ಮನೆಯವರಿಗೂ ಪಾಲಿದೆ ಎನ್ನದೆ ವಿಧಿಯಿಲ್ಲ. 'ಬೇಕಾದರೆ ನಾಲ್ಕು ಬಿಗಿಯಿರಿ ಸರ್, ಹೇಗಾದರೂ ಇವನನ್ನು ಮೇಲೆ ತನ್ನಿ' ಎಂದು ಮಗುವಿನ ಎದುರಿನಲ್ಲೇ ಹೇಳುವ ತಂದೆಯರನ್ನು ನಾವು ಬಲ್ಲೆವು. ಸೋತ ಮಗುವನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಮನೆ ಮುಟ್ಟುವವರೆಗೂ ಜರೆಯುವವರನ್ನೂ ಬಲ್ಲೆವು. ಮಕ್ಕಳನ್ನು ಕೆಣಕಿ ಎದೆಗುಂದಿಸಬೇಡಿರೆಂಬ ಎಚ್ಚರಿಕೆಯನ್ನು ಸಂತ ಪೌಲರು ಕೊಲೊಸ್ಸೆಯವರಿಗೆ ಬರೆದದ್ದು ನೇರವಾಗಿ ತಂದೆಯರನ್ನು ಉದ್ದೇಶಿಸಿಯೇ.

ಆದುದರಿಂದ, ಆಟ ಮುಗಿಸಿ ಬಂದ ಮಗುವನ್ನು 'ಗೆದ್ದಿಯಾ?' ಎಂದು ಕೇಳುವ ಮೊದಲು, 'ಸರ್ ಇವತ್ತು ಏನೆಂದರು?' ಎಂದು ಕೇಳೋಣ. ಅಭ್ಯಾಸದ ದಿನಗಳಲ್ಲೇ ಹೊಟ್ಟೆನೋವು ಬರುವ ಮಗುವನ್ನು, ಇದ್ದಕ್ಕಿದ್ದಂತೆ ಊಟ ಕಡಿಮೆ ಮಾಡಿದ ಮಗುವನ್ನು, ತನ್ನನ್ನು ತಾನೇ ಹೀಯಾಳಿಸಿಕೊಳ್ಳುವ ಮಗುವನ್ನು ಸೋಮಾರಿಯೆಂದು ಗದರಿಸುವ ಬದಲು ಹತ್ತಿರ ಕೂರಿಸಿ ಮಾತನಾಡಿಸೋಣ. ವಾರಕ್ಕೊಮ್ಮೆಯಾದರೂ ಮೈದಾನದ ಅಂಚಿನಲ್ಲಿ ನಿಂತು ಅಭ್ಯಾಸ ನೋಡೋಣ. ಪೋಷಕರು ಬರಲೇಬಾರದೆನ್ನುವ ಶಿಬಿರವಿದ್ದರೆ ಏಕೆಂದು ಕೇಳುವ ಹಕ್ಕು ನಮಗಿದೆ.

ಕಾನೂನೂ ಮಗುವಿನ ಪರವಾಗಿದೆ ಎಂಬುದನ್ನು ತಿಳಿದಿರಬೇಕು. 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೇ ವಿಧಿ ಮಗುವಿಗೆ ದೈಹಿಕ ಶಿಕ್ಷೆಯನ್ನು ಮಾತ್ರವಲ್ಲ, ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. ಮಗುವಿನ ಹೊಣೆ ಹೊತ್ತವರು ಅದಕ್ಕೆ ಅನಗತ್ಯ ಮಾನಸಿಕ ಯಾತನೆಯಾಗುವಂತೆ ಕ್ರೂರವಾಗಿ ನಡೆದುಕೊಂಡರೆ 2015ರ ಬಾಲನ್ಯಾಯ ಕಾಯಿದೆಯ 75ನೇ ವಿಧಿಯಂತೆ ಅದು ಅಪರಾಧ. ಸಹಾಯಕ್ಕೆ 1098 ಸಂಖ್ಯೆಯ ಮಕ್ಕಳ ಸಹಾಯವಾಣಿಯಿದೆ. ಆದರೆ ಎಲ್ಲವನ್ನೂ ಠಾಣೆಯವರೆಗೆ ಒಯ್ಯಬೇಕಾಗಿಲ್ಲ. ಹಲವು ಸಲ, ತಾಯಿತಂದೆಯರು ಒಟ್ಟಾಗಿ ಹೋಗಿ ಶಾಂತವಾಗಿ ಆಡಿದ ಒಂದು ಮಾತು ಸಾಕಾಗುತ್ತದೆ. ಅದರಿಂದ ಸರಿಹೋಗದಿದ್ದಲ್ಲಿ ಮುಂದಿನ ಹೆಜ್ಜೆಯಿಡಲು ಹಿಂಜರಿಯಲೂ ಬಾರದು.

ದರೋಡೆಯ ಮಾಲನ್ನು ಹಿಂದಿರುಗಿಸದೆ ಪಶ್ಚಾತ್ತಾಪ ಪೂರ್ಣವಾಗದು ಎಂಬುದು ನಾವು ಪಾಪನಿವೇದನೆಗೆ ಬರುವ ಎಲ್ಲರಿಗೂ ಹೇಳುವ ಮಾತು. ಕಸಿದ ಮಾನಕ್ಕೂ ಇದೇ ನಿಯಮ. ಹತ್ತು ಜನರ ಮುಂದೆ ಅಪಮಾನಿಸಿದವರು ಕ್ಷಮೆಯನ್ನೂ ಹತ್ತು ಜನರ ಮುಂದೆಯೇ ಕೇಳಬೇಕು. ಮಗುವಿನ ಬಳಿ ಕ್ಷಮೆ ಕೇಳಿದ ತರಬೇತುದಾರ ಚಿಕ್ಕವನಾಗುವುದಿಲ್ಲ.

ನಾವು ಹಾಗೆ ಮಾಡಲು ಬಹಳ ತಡಮಾಡಿದೆವು. ಆಶೀರ್ವಾದದ ದಿನ ಏನೋ ನಕ್ಕು ಮಾತು ತೇಲಿಸಿ ಬಂದಿದ್ದೆವು. ಆ ರಾತ್ರಿ ನಿದ್ದೆ ಬರಲಿಲ್ಲ. ಅವರು ಗಲ್ಫಿಗೆ ಮರಳುವ ಮುನ್ನ ಮತ್ತೆ ಅವರ ಮನೆಗೆ ಹೋಗಿ, ಹೆಂಡತಿ ಮಕ್ಕಳ ಎದುರಿನಲ್ಲಿ, ಅಂದು ಏನೆಂದಿದ್ದೆವೆಂದು ಹೇಳಿ ಕ್ಷಮೆ ಕೇಳಿದೆವು. "ಬಿಡಿ ಫಾದರ್, ಹಳೆಯ ಮಾತು" ಎಂದರು. ಅವರ ಕಣ್ಣು ಮಾತ್ರ ಒದ್ದೆಯಾಗಿತ್ತು. ಹತ್ತು ವರ್ಷದ ಮಗ ತಂದೆಯ ಮುಖವನ್ನೇ ನೋಡುತ್ತಾ, "ಪಪ್ಪಾ, ನೀವು ಫುಟ್‌ಬಾಲ್ ಆಡುತ್ತಿದ್ದಿರಾ?" ಎಂದು ಕೇಳಿದ. ಅಷ್ಟು ವರ್ಷ ಅದು ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಗೋಡೆಯಾಚೆಯ ಮಗುವನ್ನು ನಾವು ಇಪ್ಪತ್ತೈದು ವರ್ಷ ಕಾಯಿಸಬಾರದು. ನಮ್ಮ ನಮ್ಮ ಮೈದಾನಗಳಲ್ಲಿ, ನಮ್ಮ ನಮ್ಮ ಮನೆಗಳಲ್ಲಿ, ಹಿಂದಿರುಗಿಸಬೇಕಾದ ಮಾನ ಇನ್ನೂ ಯಾವ ಮಗುವಿನದ್ದು ಉಳಿದಿದೆ ಎಂದು ಈ ವಾರ ಒಮ್ಮೆ ಯೋಚಿಸೋಣ.