ಹಸ್ತಪ್ರತಿಯೂ ಪ್ರಯೋಗದ ಒಂದು ಅಂಗವೇ

ಕಾಫಿಯ ಎಲೆಯನ್ನು ಮಗುಚಿ ನೋಡಿದಾಗ ಅದರ ಅಡಿಯಲ್ಲಿ ಕಿತ್ತಳೆ ಬಣ್ಣದ ಪುಡಿ ಕಂಡರೆ, ಅದರ ಅರ್ಥವನ್ನು ಚಿಕ್ಕಮಗಳೂರು, ಮೂಡಿಗೆರೆ, ಕಳಸಗಳ ಬೆಳೆಗಾರನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅದು ಎಲೆತುಕ್ಕು ರೋಗ. ಆ ಪುಡಿಯ ಒಂದೊಂದು ಕಣವೂ ಹೆಮಿಲಿಯಾ ವಾಸ್ಟಾಟ್ರಿಕ್ಸ್ ಎಂಬ ಬೂಷ್ಟಿನ ಬೀಜಕಣ. ೧೮೬೯ರಲ್ಲಿ ಸಿಂಹಳದಲ್ಲಿ ಗುರುತಿಸಲ್ಪಟ್ಟ ಈ ರೋಗವು ಕೆಲವೇ ದಶಕಗಳಲ್ಲಿ ಅಲ್ಲಿಯ ಕಾಫಿ ಬೆಳೆಯನ್ನು ನೆಲಕಚ್ಚಿಸಿತು. ಕಾಫಿಯಿದ್ದ ಬೆಟ್ಟಗಳನ್ನು ಚಹಾ ಆಕ್ರಮಿಸಿತು.

ಸಂಶೋಧನ ಲೇಖನದ ಹಸ್ತಪ್ರತಿಯನ್ನು ಸಿದ್ಧಪಡಿಸುವ ವಿಚಾರಕ್ಕೂ ಈ ಪುಡಿಗೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಸಂಬಂಧವುಂಟು. ವಿಜ್ಞಾನದಲ್ಲಿ ಒಂದು ವಾಕ್ಯವನ್ನು ಹೇಗೆ ಬರೆಯುತ್ತೇವೆ ಎಂಬುದರ ಮೇಲೆ ಒಂದು ತೋಟದ ಹಣೆಬರಹ ಹೇಗೆ ನಿಲ್ಲಬಲ್ಲುದು ಎಂಬುದಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನ ನಮಗೆ ದೊರೆಯದು.

೧೯೧೧ರಲ್ಲಿ ಮೈಸೂರು ಸೀಮೆಯ ಕಾಫಿ ಬೆಳೆಗಾರ ಕೆಂಟ್ ಎಂಬವರು ತಮ್ಮ ತೋಟದಲ್ಲಿ ತುಕ್ಕು ಹತ್ತದ ಗಿಡವೊಂದನ್ನು ಗುರುತಿಸಿದರು. ಅದರ ಸಂತತಿಯೇ 'ಕೆಂಟ್' ತಳಿ. ರೋಗದಿಂದ ಬೇಸತ್ತಿದ್ದ ಬೆಳೆಗಾರರು ಅದನ್ನು ನೆಚ್ಚಿ ನೆಟ್ಟರು. ಆದರೆ ವರ್ಷಗಳು ಕಳೆದಂತೆ ಆ ಗಿಡಗಳ ಎಲೆಗಳಲ್ಲಿಯೂ ಕಿತ್ತಳೆ ಪುಡಿ ಕಾಣಿಸಿಕೊಂಡಿತು. ತಳಿ ಕೆಟ್ಟಿತೇ? ಬೀಜ ಬೆರಕೆಯಾಯಿತೇ? ಕಂಡದ್ದು ಸುಳ್ಳಾಯಿತೇ?

ಇದಕ್ಕೆ ಉತ್ತರ ದೊರೆತದ್ದು ನಮ್ಮ ಜಿಲ್ಲೆಯ ಬಾಳೆಹೊನ್ನೂರಿನಲ್ಲಿ. ಅಲ್ಲಿ ೧೯೨೫ರಲ್ಲಿ ಮೈಸೂರು ಸರ್ಕಾರದ ಕಾಫಿ ಪ್ರಯೋಗ ಕ್ಷೇತ್ರ ಆರಂಭವಾಯಿತು; ಇಂದಿನ ಕೇಂದ್ರೀಯ ಕಾಫಿ ಸಂಶೋಧನ ಸಂಸ್ಥೆಯ ಮೂಲ ಅದೇ. ಅಲ್ಲಿ ದುಡಿದ ಡಬ್ಲ್ಯು. ವಿಲ್ಸನ್ ಮೇಯ್ನ್ ಅವರು, ತುಕ್ಕಿನ ಬೂಷ್ಟು ನೋಟಕ್ಕೆ ಒಂದೇ ಆಗಿದ್ದರೂ ಅದರೊಳಗೆ ಬೇರೆ ಬೇರೆ ಪಂಗಡಗಳುಂಟೆಂದು ತೋರಿಸಿದರು. ಒಂದು ಪಂಗಡ ಮುಟ್ಟಲಾರದ ಗಿಡವನ್ನು ಇನ್ನೊಂದು ಪಂಗಡ ಮುಟ್ಟಬಲ್ಲುದು. ೧೯೩೨ರಲ್ಲಿ ಅವರು ಈ ವಿಚಾರವನ್ನು ಲಂಡನ್ನಿನ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದರು.

ಈಗ ಎರಡು ವಾಕ್ಯಗಳನ್ನು ಹೋಲಿಸಿ ನೋಡೋಣ. 'ಕೆಂಟ್ ತಳಿಗೆ ತುಕ್ಕು ಹತ್ತುವುದಿಲ್ಲ' ಎಂಬುದು ಒಂದು. 'ಈ ತೋಟದಲ್ಲಿ, ಈ ವರ್ಷಗಳಲ್ಲಿ ನಾವು ಪರೀಕ್ಷಿಸಿದ ಕೆಂಟ್ ಗಿಡಗಳಿಗೆ ತುಕ್ಕು ಹತ್ತಲಿಲ್ಲ' ಎಂಬುದು ಇನ್ನೊಂದು. ಮೊದಲನೆಯದು ಕೇಳಲು ಇಂಪು. ಆದರೆ ಕಾಲ ಅದನ್ನು ಸುಳ್ಳುಮಾಡಿತು. ಎರಡನೆಯದು ಕೊಂಚ ತೊಡಕು. ಆದರೆ ಅದು ಅಂದಿಗೂ ನಿಜ, ಇಂದಿಗೂ ನಿಜ. ಅಷ್ಟೇ ಅಲ್ಲ, 'ಬೇರೆಡೆ, ಬೇರೆ ಕಾಲದಲ್ಲಿ ಏನಾದೀತು?' ಎಂಬ ಪ್ರಶ್ನೆಗೆ ಅದು ಬಾಗಿಲನ್ನು ತೆರೆದಿಡುತ್ತದೆ. ಹಸ್ತಪ್ರತಿಯ ವಿಷಯದಲ್ಲಿ ನಾವು ಹೇಳಬೇಕಾದ ಮುಖ್ಯ ಮಾತು ಇದೇ: ಪ್ರತಿಯೊಂದು ವಾಕ್ಯವೂ ತಾನು ಎಲ್ಲಿಯವರೆಗೆ ನಿಜವೋ ಆ ಎಲ್ಲೆಯನ್ನು ತನ್ನೊಡನೆಯೇ ಹೊತ್ತು ತರಬೇಕು.

ಪ್ರಯೋಗವೇ ನಿಜವಾದ ಕೆಲಸ, ಬರವಣಿಗೆ ಅನಂತರದ ಗುಮಾಸ್ತಿಕೆ ಎಂಬ ಭಾವನೆ ನಮ್ಮ ವಿದ್ಯಾರ್ಥಿಗಳಲ್ಲಿ ಮಾತ್ರವಲ್ಲ, ಅಧ್ಯಾಪಕರಲ್ಲಿಯೂ ಉಂಟು. ನಾವು ಇದನ್ನು ಒಪ್ಪಲಾರೆವು. ಮೂಡಿಗೆರೆಯ ತೋಟಗಾರಿಕೆ ಕಾಲೇಜಿನ ವಿದ್ಯಾರ್ಥಿನಿಯೊಬ್ಬಳು ಬೋರ್ಡೋ ದ್ರಾವಣ ಸಿಂಪಡಿಸಿದ ಗಿಡಗಳಲ್ಲಿಯೂ ಸಿಂಪಡಿಸದ ಗಿಡಗಳಲ್ಲಿಯೂ ತುಕ್ಕು ಹತ್ತಿದ ಎಲೆಗಳನ್ನು ಎಣಿಸುತ್ತಾಳೆಂದು ಊಹಿಸೋಣ. ಮಳೆಗಾಲ ಕಳೆದು, ಲೆಕ್ಕವೆಲ್ಲ ಮುಗಿದ ಮೇಲೆ ಅವಳು ಬರೆಯಲು ಕೂರುತ್ತಾಳೆ. 'ವಿಧಾನ' ಎಂಬ ಭಾಗದಲ್ಲಿ 'ಬೋರ್ಡೋ ದ್ರಾವಣವನ್ನು ಸಿಂಪಡಿಸಿದೆವು' ಎಂದರೆ ಸಾಲದು. ನೂರು ಲೀಟರು ನೀರಿಗೆ ಮೈಲುತುತ್ತ ಅರ್ಧ ಕಿಲೋಗ್ರಾಮೇ, ಒಂದು ಕಿಲೋಗ್ರಾಮೇ? ಸುಣ್ಣವೆಷ್ಟು? ಮಳೆಗೆ ಮುಂಚೆಯೇ, ಅನಂತರವೇ? ಗಿಡಗಳನ್ನು ಆರಿಸಿದ್ದು ಹೇಗೆ? ಈ ಕಡೆಯ ಪ್ರಶ್ನೆಗೆ ಬರುವಾಗ ಅವಳ ಲೇಖನಿ ತಡೆಯುತ್ತದೆ. ಸಿಂಪಡಿಸಿದ ಗಿಡಗಳೆಲ್ಲ ನೆರಳು ತೆಳುವಾಗಿದ್ದ ದಾರಿಯ ಬದಿಯವು. ಸಿಂಪಡಿಸದವು ದಟ್ಟ ನೆರಳಿನವು. ರೋಗ ಕಡಿಮೆಯಾದದ್ದು ದ್ರಾವಣದಿಂದಲೋ, ಬಿಸಿಲು ಗಾಳಿಗಳಿಂದಲೋ? ಹೇಳುವಂತಿಲ್ಲ. ಕಳೆದುಹೋದ ಮಳೆಗಾಲಕ್ಕಾಗಿ ಇನ್ನೊಂದು ವರ್ಷ ಕಾಯಬೇಕು.

ಆಕೆಯ ತಪ್ಪನ್ನು ಕಂಡುಹಿಡಿದದ್ದು ಬರವಣಿಗೆಯೇ ಹೊರತು ಮತ್ತೊಬ್ಬರಲ್ಲ. ಅದೇ 'ವಿಧಾನ'ದ ಭಾಗವನ್ನು ಮೇ ತಿಂಗಳಿನಲ್ಲಿ, ಮಳೆ ಹಿಡಿಯುವ ಮುನ್ನವೇ ಬರೆದಿದ್ದರೆ ಆ ವರ್ಷ ಉಳಿಯುತ್ತಿತ್ತು. ಆದುದರಿಂದ ಹಸ್ತಪ್ರತಿಯ ಸಿದ್ಧತೆ ಪ್ರಯೋಗ ಮುಗಿದಂದು ಆರಂಭವಾಗತಕ್ಕದ್ದಲ್ಲ. ಪ್ರಯೋಗಕ್ಕೆ ಮೊದಲೇ ಆರಂಭವಾಗತಕ್ಕದ್ದು. ಹಾಗೆಯೇ 'ಫಲಿತಾಂಶ'ದಲ್ಲಿ ಕಂಡದ್ದು ಮಾತ್ರ ಇರಲಿ. ಅದರಿಂದ ಊಹಿಸಿದ್ದು 'ಚರ್ಚೆ'ಗೆ ಹೋಗಲಿ. ನಿರೀಕ್ಷೆಗೆ ಹೊಂದದ ಅಂಕಿಗಳನ್ನು ಮರೆಮಾಚುವುದಂತೂ ಸಲ್ಲದು. ತುಕ್ಕು ಹತ್ತಿದ ಕೆಂಟ್ ಗಿಡಗಳನ್ನು ಲೆಕ್ಕದಿಂದ ಹೊರಹಾಕಿದ್ದರೆ ಬೂಷ್ಟಿನ ಪಂಗಡಗಳ ವಿಚಾರ ತಿಳಿಯುತ್ತಿದ್ದುದಾದರೂ ಹೇಗೆ?

ಪತ್ರಿಕೆಗೆ ಕಳುಹಿಸುವಾಗ ಪಾಲಿಸಬೇಕಾದ ನಿಯಮಗಳೂ ಇದೇ ನಿಷ್ಠೆಯಿಂದ ಹುಟ್ಟಿದವು. ತಕ್ಕ ಪತ್ರಿಕೆಯನ್ನು ಆರಿಸಿ, ಅದರ ಸೂಚನೆಗಳನ್ನು ಓದಿ, ಶೀರ್ಷಿಕೆ, ಸಾರಾಂಶ, ಕೋಷ್ಟಕಗಳನ್ನು ಅದರಂತೆ ಅಣಿಗೊಳಿಸಬೇಕು. ಒಂದೇ ಲೇಖನವನ್ನು ಏಕಕಾಲದಲ್ಲಿ ಎರಡು ಪತ್ರಿಕೆಗಳಿಗೆ ಕಳುಹಿಸಬಾರದು. ದುಡಿದವರ ಹೆಸರನ್ನು ಬಿಡಬಾರದು. ದುಡಿಯದವರ ಹೆಸರನ್ನು ದಾಕ್ಷಿಣ್ಯಕ್ಕಾಗಿ ಸೇರಿಸಬಾರದು. ಹಣ ಕೊಟ್ಟರೆ ವಾರದೊಳಗೆ ಅಚ್ಚುಮಾಡುವೆವೆಂದು ಕರೆಯುವ ಪತ್ರಿಕೆಗಳು ಇಂದು ಹೇರಳ. ಅವುಗಳಿಂದ ದೂರವಿರುವುದು ಲೇಸು. ಒಳ್ಳೆಯ ಪತ್ರಿಕೆಯಲ್ಲಿ ಅಪರಿಚಿತ ತಜ್ಞರು ಲೇಖನವನ್ನು ಓದಿ ಕೊರತೆಗಳನ್ನು ತೋರಿಸುತ್ತಾರೆ. ಅದು ಅವಮಾನವಲ್ಲ, ಬೇರೆಯವರ ವೆಚ್ಚದಲ್ಲಿ ದೊರೆಯುವ ಪಾಠ.

ಇಷ್ಟು ಶ್ರಮ ಏತಕ್ಕೆ? ಪ್ರಯೋಗ ಮಾಡಿ, ಫಲವನ್ನು ನೆರೆಯ ತೋಟದವರಿಗೆ ಬಾಯಿಮಾತಿನಲ್ಲಿ ಹೇಳಿದರೆ ಸಾಲದೆ ಎನ್ನುವವರುಂಟು. ಹಾಗೆ ಹೇಳುವುದು ಬೇಡವೆಂದು ನಾವೆನ್ನುವುದಿಲ್ಲ. ಆದರೆ ಬಾಯಿಮಾತು ಬೆಟ್ಟವಿಳಿಯುವುದರೊಳಗೆ ತನ್ನ ಎಲ್ಲೆಗಳನ್ನು ಕಳೆದುಕೊಳ್ಳುತ್ತದೆ. 'ಈ ತೋಟದಲ್ಲಿ, ಈ ವರ್ಷ' ಎಂಬ ಮಾತು ಉದುರಿ, 'ಹತ್ತುವುದಿಲ್ಲ' ಎಂಬುದು ಮಾತ್ರ ಉಳಿಯುತ್ತದೆ. ಅಚ್ಚಾದ ಲೇಖನ ಹಾಗಲ್ಲ. ತುಕ್ಕಿನಲ್ಲಿ ಪಂಗಡಗಳಿವೆ ಎಂಬ ವಿಚಾರ ಅಚ್ಚಿನಲ್ಲಿ ಉಳಿದುದರಿಂದಲೇ ಇತರರು ಅದನ್ನು ಮುಂದುವರಿಸಲು ಸಾಧ್ಯವಾಯಿತು. ೧೯೫೫ರಲ್ಲಿ ಪೋರ್ಚುಗಲ್ಲಿನ ಓಯಿರಾಸ್‌ನಲ್ಲಿ ಕಾಫಿಯ ತುಕ್ಕಿಗಾಗಿಯೇ ಒಂದು ಸಂಶೋಧನ ಕೇಂದ್ರ ಸ್ಥಾಪಿತವಾಯಿತು. ಹಲವು ದೇಶಗಳಿಂದ ತರಿಸಿದ ತುಕ್ಕನ್ನು ಅಲ್ಲಿ ಪರೀಕ್ಷಿಸಿ, ಈವರೆಗೆ ೫೦ಕ್ಕೂ ಹೆಚ್ಚು ಪಂಗಡಗಳನ್ನು ಗುರುತಿಸಲಾಗಿದೆ. ಇತ್ತ ಬಾಳೆಹೊನ್ನೂರಿನಲ್ಲಿ ಕೆಂಟನ್ನೇ ಒಂದು ಪಿತೃವಾಗಿ ಬಳಸಿ ಎಸ್. ೭೯೫ ಎಂಬ ತಳಿಯನ್ನು ೧೯೪೦ರ ದಶಕದಲ್ಲಿ ಹೊರತಂದರು. ಕಾಲಕ್ರಮದಲ್ಲಿ ಅದರ ರೋಗನಿರೋಧವೂ ಕುಗ್ಗಿತು. ಆದರೆ ಈ ಸಲ ಅದೇಕೆಂದು ತಿಳಿದಿತ್ತು.

ಇನ್ನೊಂದು ಮಾತು. ಸಂಶೋಧನ ಪತ್ರಿಕೆಗಳು ಬಹುಪಾಲು ಇಂಗ್ಲಿಷಿನಲ್ಲಿವೆ. ಅಲ್ಲಿ ಬರೆಯುವುದನ್ನು ನಮ್ಮ ವಿದ್ಯಾರ್ಥಿಗಳು ಕಲಿಯಲೇಬೇಕು. ಆದರೆ ಹಸ್ತಪ್ರತಿ ಸಿದ್ಧವಾದ ದಿನ ಅದರ ಸಾರವನ್ನು ಒಂದು ಪುಟದ ಕನ್ನಡದಲ್ಲಿಯೂ ಬರೆದು, ಪ್ರಕಟವಾದೊಡನೆ, ಯಾರ ತೋಟದಲ್ಲಿ ಎಲೆಗಳನ್ನು ಎಣಿಸಿದರೋ ಅವರ ಕೈಗೆ ಕೊಡಬೇಕೆಂದು ನಾವು ಬಯಸುತ್ತೇವೆ. ಆ ಪುಟದಲ್ಲಿಯೂ ಎಲ್ಲೆಗಳು ಬಿಟ್ಟುಹೋಗದಿರಲಿ. ಬೆಳೆಗಾರ ಸರಳವಾದ ಸುಳ್ಳಿಗಿಂತ ತೊಡಕಾದ ನಿಜವನ್ನು ಮೆಚ್ಚುತ್ತಾನೆ; ಏಕೆಂದರೆ ನೆಟ್ಟ ಗಿಡದೊಡನೆ ದಶಕಗಳ ಕಾಲ ಬಾಳಬೇಕಾದವನು ಅವನು.